ಅಳ್ಳು, ಜೋಕಾಲಿ, ಅಣೆಕಟ್ಟು

ಶ್ರಾವಣ ಮಾಸದ ನಾಗರಪಂಚಮಿಯು ನಮ್ಮ ನಾಡಿನ ಬಡಗಣ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳ ಹಬ್ಬವೆಂದೇ ಹೆಸರಾಗಿದೆ. ಮದುವೆಯಾಗಿ ಹೋದವರು ತವರಿಗೆ ಬರುತ್ತಾರೆ. ಬೇವು, ಹುಣಸೆ, ಆಲದ ಕೊಂಬೆಗಳಿಗೆ ಜೋಕಾಲಿ ಕಟ್ಟುತ್ತಾರೆ. ಹಬ್ಬಕ್ಕೆ ಮೊದಲು ಬರುವ ರೊಟ್ಟಿ ಹಬ್ಬದಲ್ಲಿ ಖಡಕ್ ರೊಟ್ಟಿಗಳ ಒಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಒಲೆಯ ಮೇಲೆ ಜೋಳ ಸಿಡಿದು ಅಳ್ಳಾಗುತ್ತದೆ. ಶೇಂಗಾ, ಎಳ್ಳು, ಪುಟಾಣಿಗಳು ಬೆಲ್ಲದೊಡನೆ ಸೇರಿ ಉಂಡಿಗಳಾಗುತ್ತವೆ. ಇವೆಲ್ಲವನ್ನೂ ಸಂಪ್ರದಾಯವೆಂದು ಬಗೆದು ಮುಂದೆ ಸಾಗುವುದು ಸುಲಭ. ಆದರೆ ಭೌತವಿಜ್ಞಾನವನ್ನು ಅಭ್ಯಾಸಮಾಡುವ ವಿದ್ಯಾರ್ಥಿಯು ಈ ನಾಲ್ಕು ದಿನ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ತೆರೆದು ಕುಳಿತನಾದರೆ, ಉಷ್ಣ, ಒತ್ತಡ, ಆಂದೋಲನ ಎಂಬ ಮೂರು ಅಧ್ಯಾಯಗಳು ಪುಸ್ತಕವಿಲ್ಲದೆಯೇ ಅವನ ಮುಂದೆ ತೆರೆದುಕೊಳ್ಳುತ್ತವೆ.

ನಮ್ಮ ಮನೆಯಿರುವುದು ನವಿಲುತೀರ್ಥದಲ್ಲಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಸವದತ್ತಿಯ ಸಮೀಪದಲ್ಲಿ ಗಟ್ಟಿಯಾದ ಮರಳುಗಲ್ಲಿನ ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಾದ ಜಾಗವಿದು. ಮನೆಯಲ್ಲಿ ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ, ಅವರ ತಂದೆ, ನಾವು. ಇವರಲ್ಲದೆ ನಮ್ಮ ತಾಯಿಯವರು. ಮಕ್ಕಳಿಗೆ ಅವರು ಆಯಿ. ನಮ್ಮ ತವರು ರಾಮದುರ್ಗ ತಾಲ್ಲೂಕಿನಲ್ಲಿ ಹೊಳೆಯ ದಂಡೆಗೆ ಅಂಟಿಕೊಂಡ ಒಂದು ಹಳ್ಳಿ. 2019ರಲ್ಲಿ ನಾಗರಪಂಚಮಿಯು ಆಗಸ್ಟ್ 5ರಂದು ಬಂದಿತ್ತು. ಆ ವಾರದಲ್ಲಿಯೇ ಮಲಪ್ರಭೆಯು ಉಕ್ಕಿ ಮುನವಳ್ಳಿ, ರಾಮದುರ್ಗಗಳನ್ನು ಹೊಕ್ಕು, ಕೆಳಗೆ ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೂ ಮುಳುಗಿಸಿತು. ನಮ್ಮ ತವರುಮನೆಯ ಮಣ್ಣಿನ ಗೋಡೆಗಳು ಆಗ ಬಿದ್ದವು. ಅಂದಿನಿಂದ ತಾಯಿಯವರು ನಮ್ಮಲ್ಲಿದ್ದಾರೆ. ಹಬ್ಬಕ್ಕೆ ನಾವು ತವರಿಗೆ ಹೋಗುವುದರ ಬದಲು ತವರೇ ನಮ್ಮಲ್ಲಿಗೆ ಬಂದಂತಾಗಿದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಮೊದಲು ಹಂಚಿನ ಮಾತು. ಹಂಚು ಕಾಯಿತೋ ಇಲ್ಲವೋ ಎಂದು ನೋಡಲು ಆಯಿಯವರು ಉಷ್ಣಮಾಪಕವನ್ನು ಬಳಸುವುದಿಲ್ಲ. ಬೆರಳ ತುದಿಯಿಂದ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಹನಿಯು ಸುಮ್ಮನೆ ಹರಡಿ ಆರಿತೆಂದರೆ ಹಂಚು ಇನ್ನೂ ಕಾಯಬೇಕು. ಚುರ್ರೆಂದು ಕ್ಷಣಾರ್ಧದಲ್ಲಿ ಮಾಯವಾದರೆ ರೊಟ್ಟಿ ಹಾಕಬಹುದು. ಹನಿಯು ಮಾಯವಾಗದೆ ಪಾದರಸದ ಗುಂಡಿನಂತೆ ದುಂಡಗಾಗಿ ಹಂಚಿನ ಮೇಲೆ ಓಡಾಡತೊಡಗಿದರೆ ಉರಿಯನ್ನು ಹಿಂದಕ್ಕೆ ಎಳೆಯಬೇಕು. ಈ ಮೂರನೆಯ ಸಂಗತಿಯು ಮಕ್ಕಳಿಗೆ ಬಹಳ ವಿಚಿತ್ರವಾಗಿ ತೋರಿತು. ಹೆಚ್ಚು ಕಾದ ಹಂಚಿನ ಮೇಲೆ ನೀರು ಹೆಚ್ಚು ಹೊತ್ತು ಉಳಿಯುವುದೆಂದರೇನು? ಜರ್ಮನಿಯ ವೈದ್ಯ ಯೋಹಾನ್ ಗಾಟ್‌ಲೋಬ್ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನೇ ಕುರಿತು ಬರೆದನು. ಲೋಹವು ಸುಮಾರು 200 ಡಿಗ್ರಿ ಸೆಂಟಿಗ್ರೇಡನ್ನು ಮೀರಿ ಕಾದಿದ್ದರೆ, ಹನಿಯ ತಳವು ಮುಟ್ಟುವ ಮೊದಲೇ ಆವಿಯಾಗಿ, ಆ ಆವಿಯ ತೆಳುವಾದ ಪದರವೇ ಹನಿಗೆ ಹಾಸಿಗೆಯಾಗುತ್ತದೆ. ಆವಿಯು ಉಷ್ಣವನ್ನು ಬಹಳ ಮೆಲ್ಲಗೆ ಸಾಗಿಸುವುದರಿಂದ ಹನಿಯು ಒಂದು ನಿಮಿಷದವರೆಗೂ ಬದುಕಬಲ್ಲುದು. ಲೈಡನ್‌ಫ್ರಾಸ್ಟನ ಹೆಸರನ್ನು ಕೇಳದ ಎಷ್ಟೋ ಲಕ್ಷ ಹೆಂಗಸರು ಅವನ ಪ್ರಯೋಗವನ್ನು ದಿನವೂ ಬೆಳಿಗ್ಗೆ ಮಾಡುತ್ತಿದ್ದಾರೆ.

ರೊಟ್ಟಿಯು ಉಬ್ಬುವುದೂ ಆವಿಯ ಆಟವೇ. ಜೋಳದ ಹಿಟ್ಟಿನಲ್ಲಿ ಗೋದಿಯ ಹಿಟ್ಟಿನಲ್ಲಿರುವಂತಹ ಜಿಗುಟು ಇಲ್ಲ. ಆದುದರಿಂದಲೇ ಕುದಿಯುವ ನೀರನ್ನು ಸುರಿದು ನಾದುತ್ತಾರೆ. ಬಿಸಿನೀರಿನಲ್ಲಿ ಪಿಷ್ಟದ ಕಣಗಳು ಉಬ್ಬಿ ಅಂಟಿನಂತಾಗಿ ಹಿಟ್ಟನ್ನು ಹಿಡಿದಿಡುತ್ತವೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನು ಸವರುವುದೂ ಇದಕ್ಕಾಗಿಯೇ. ಒದ್ದೆಯಾದ ಮೇಲ್ಪದರವು ಬಿರಿಯದೆ ಒಂದು ತೆಳ್ಳನೆಯ ಪೊರೆಯಾಗುತ್ತದೆ. ಒಳಗಿನ ನೀರು ಆವಿಯಾದಾಗ ಹೊರಗೆ ಹೋಗಲು ದಾರಿಯಿಲ್ಲದೆ ಎರಡು ಪದರಗಳನ್ನು ಬೇರೆಮಾಡಿ ಮೇಲೆತ್ತುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1,700 ಘನ ಸೆಂಟಿಮೀಟರು ಜಾಗವನ್ನು ಬೇಡುತ್ತದೆ. ಎಂದರೆ ಅರ್ಧ ಚಮಚ ನೀರು ಸಾಕು. ಅಂಗೈಯಗಲದ ಪದರವು ಅದರ ಮುಂದೆ ನಿಲ್ಲಲಾರದು. ರೊಟ್ಟಿಯಲ್ಲಿ ಒಂದು ಸೂಜಿಯ ತೂತು ಮಾಡಿದರೆ ಏನಾಗುವುದೆಂದು ಮಗನು ಕೇಳಿದನು. ಆಯಿಯವರ ಅಪ್ಪಣೆ ಪಡೆದು ಅವನೇ ಮಾಡಿ ನೋಡಿದನು. ಉಬ್ಬದ ಆ ರೊಟ್ಟಿಯನ್ನು ಬೆಣ್ಣೆ, ಶೇಂಗಾಚಟ್ನಿ ಹಚ್ಚಿ ಅವನಿಗೇ ತಿನ್ನಿಸಲಾಯಿತು.

ಇನ್ನು ಅಳ್ಳು. ರೊಟ್ಟಿಯಲ್ಲಿ ಮೆತ್ತಗೆ ನಡೆಯುವ ಕೆಲಸವು ಜೋಳದ ಕಾಳಿನಲ್ಲಿ ಸಿಡಿಮದ್ದಿನಂತೆ ನಡೆಯುತ್ತದೆ. ಕಾಳಿನ ಹೊರಗಿನ ಸಿಪ್ಪೆ ಗಟ್ಟಿಯಾದುದು. ಒಳಗೆ ಪಿಷ್ಟ, ಪಿಷ್ಟದಲ್ಲಿ ಅಡಗಿದ ತುಸು ನೀರು. ಹುರಿಯುವಾಗ ಆ ನೀರು 100 ಡಿಗ್ರಿ ದಾಟಿದರೂ ಕುದಿದು ಹೊರಬೀಳಲಾರದು, ಏಕೆಂದರೆ ಸಿಪ್ಪೆಯು ಮುಚ್ಚಿದ ಪಾತ್ರೆಯಂತಿದೆ. ನಮ್ಮ ಮನೆಗಳ ಪ್ರೆಷರ್ ಕುಕ್ಕರಿನಲ್ಲಿ ಒತ್ತಡವು ವಾಯುಮಂಡಲದ ಎರಡರಷ್ಟಾಗುತ್ತದೆ, ಉಷ್ಣತೆ ಸುಮಾರು 120 ಡಿಗ್ರಿ. ಪಾಪ್‌ಕಾರ್ನ್ ಎಂದು ಮಾರುವ ಮೆಕ್ಕೆಜೋಳವನ್ನು ಕುರಿತು ನಡೆದ ಪ್ರಯೋಗಗಳಲ್ಲಿ, ಕಾಳು ಸಿಡಿಯುವುದು 180 ಡಿಗ್ರಿಯ ಸುಮಾರಿಗೆ ಎಂದು ಕಂಡುಬಂದಿದೆ. ಆ ಉಷ್ಣತೆಯಲ್ಲಿ ಆವಿಯ ಒತ್ತಡವು ವಾಯುಮಂಡಲದ ಹತ್ತರಷ್ಟು! ಸಿಪ್ಪೆಯು ಒಡೆದೊಡನೆ ಒತ್ತಡವು ಒಮ್ಮೆಲೆ ಇಳಿದು, ನೀರೆಲ್ಲ ಆವಿಯಾಗಿ, ಬೆಂದು ಮೆತ್ತಗಾಗಿದ್ದ ಪಿಷ್ಟವನ್ನು ನೊರೆಯಂತೆ ಉಬ್ಬಿಸುತ್ತದೆ. ಹೀಗೆ ಹಿಗ್ಗುವಾಗಲೇ ಅದು ತಣಿದು ಗಟ್ಟಿಯಾಗುತ್ತದೆ. ನಾವು ತಿನ್ನುವ ಅಳ್ಳೆಂದರೆ ಹೆಪ್ಪುಗಟ್ಟಿದ ನೊರೆ.

ಅಳ್ಳು ಹುರಿಯುವ ಮುನ್ನಾದಿನ ಆಯಿಯವರು ಜೋಳಕ್ಕೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಏಕೆಂದು ಕೇಳಿದರೆ, ಹಿಂದಿನವರು ಹಾಗೆ ಮಾಡುತ್ತಿದ್ದರು ಎಂಬುದೇ ಉತ್ತರ. ಮಗಳು ಕಾಳುಗಳನ್ನು ನಾಲ್ಕು ಪಾಲು ಮಾಡಿದಳು: ನೀರು ಚಿಮುಕಿಸಿದ್ದು, ಹಾಗೆಯೇ ಬಿಟ್ಟದ್ದು, ಒಲೆಯ ಪಕ್ಕದಲ್ಲಿ ಎರಡು ದಿನ ಚೆನ್ನಾಗಿ ಒಣಗಿಸಿದ್ದು, ಚಾಕುವಿನಿಂದ ಸಿಪ್ಪೆಗೆ ಗೀರು ಹಾಕಿದ್ದು. ಗೀರು ಹಾಕುವ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಹಿಡಿಯಿತು. ಐವತ್ತು ಕಾಳಾಗುವಷ್ಟರಲ್ಲಿ ತಮ್ಮನು ಎದ್ದು ಓಡಿದನು. ಒಂದೇ ಬಾಣಲೆ, ಒಂದೇ ಉರಿ. ನೀರು ಚಿಮುಕಿಸಿದ ಪಾಲು ಚೆನ್ನಾಗಿ ಅರಳಿತು. ಹಾಗೆಯೇ ಬಿಟ್ಟ ಪಾಲಿನಲ್ಲಿ ಅರಳದೆ ಉಳಿದವು ಹೆಚ್ಚು. ಒಣಗಿಸಿದ ಪಾಲು ಬಹುಮಟ್ಟಿಗೆ ಕರಿದಾಯಿತೇ ಹೊರತು ಸಿಡಿಯಲಿಲ್ಲ. ಗೀರು ಹಾಕಿದವು ಸಣ್ಣಗೆ ಉಸಿರುಬಿಟ್ಟು ಸುಮ್ಮನಾದವು. ಮದ್ದು ನೀರೇ, ಕೋವಿಯು ಸಿಪ್ಪೆಯೇ ಎಂಬುದನ್ನು ನಾವು ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಗೋಕಾಕ, ಅಮೀನಗಡಗಳ ಕರದಂಟನ್ನು ಬಲ್ಲ ಓದುಗರಿಗೆ ಇನ್ನೊಂದು ಮಾತು: ‘ಕರಿದ ಅಂಟು’ ಎಂಬ ಹೆಸರೇ ಹೇಳುವಂತೆ, ತುಪ್ಪದಲ್ಲಿ ಹಾಕಿದ ಅಂಟಿನ ಹರಳು ಉಬ್ಬಿ ಹಗುರಾಗುವುದಕ್ಕೂ ಅದರೊಳಗಿನ ನೀರೇ ಕಾರಣ.

ಜೋಕಾಲಿಯನ್ನು ಬೇಗನೆ ಮುಗಿಸುತ್ತೇವೆ. ಲೋಲಕದ ಸೂತ್ರವು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಆ ಸೂತ್ರವನ್ನು ಸ್ವಲ್ಪ ತಿರುವಿದರೆ ಒಂದು ಸುಲಭವಾದ ಲೆಕ್ಕ ದೊರೆಯುತ್ತದೆ: ಜೋಕಾಲಿಯು ಒಮ್ಮೆ ಹೋಗಿ ಬರಲು ಹಿಡಿಯುವ ಸೆಕೆಂಡುಗಳನ್ನು ಅದರಿಂದಲೇ ಗುಣಿಸಿ ನಾಲ್ಕರಿಂದ ಭಾಗಿಸಿದರೆ, ಉದ್ದವು ಹೆಚ್ಚುಕಡಿಮೆ ಮೀಟರುಗಳಲ್ಲಿ ಬರುತ್ತದೆ. ಮಗಳು ಹಲಗೆಯ ಮೇಲೆ ಕುಳಿತು ಮೆಲ್ಲಗೆ ತೂಗಿದಾಗ ಹತ್ತು ಸಲಕ್ಕೆ 41 ಸೆಕೆಂಡು ಹಿಡಿಯಿತು. ಲೆಕ್ಕದಂತೆ ಉದ್ದ 4.2 ಮೀಟರು. ಟೇಪು ಹಿಡಿದು ಅಳೆದರೆ ಬೇವಿನ ಕೊಂಬೆಯಿಂದ ಹಲಗೆಗೆ 4.4 ಮೀಟರು. ಲೆಕ್ಕ ತಪ್ಪಿತೆಂದು ಮಗಳು ಮುಖ ಸಣ್ಣದು ಮಾಡಿಕೊಂಡಳು. ತಪ್ಪಿರಲಿಲ್ಲ. ಲೋಲಕದ ಉದ್ದವನ್ನು ಅಳೆಯಬೇಕಾದುದು ಹಲಗೆಗಲ್ಲ, ಕುಳಿತವರ ಗುರುತ್ವಕೇಂದ್ರಕ್ಕೆ. ಅದು ಹಲಗೆಗಿಂತ ಗೇಣಿನಷ್ಟು ಮೇಲಿರುತ್ತದೆ. ಅದೇ ಮಗಳು ಹಲಗೆಯ ಮೇಲೆ ನಿಂತು ತೂಗಿದಾಗ ಗುರುತ್ವಕೇಂದ್ರವು ಇನ್ನೂ ಮೇಲೇರಿ ಹತ್ತು ತೂಗಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಉಳಿಯಿತು. ನಾವು ಕುಳಿತರೂ, ಮಗನು ಕುಳಿತರೂ ಕಾಲದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಬಾರದಿದ್ದುದನ್ನು ಕಂಡು, ಭಾರವಾದುದು ನಿಧಾನವೆಂದು ಬಾಜಿ ಕಟ್ಟಿದ್ದ ಮಕ್ಕಳ ತಂದೆಯವರು ಎರಡು ಶೇಂಗಾ ಉಂಡಿ ಸೋತರು.

ಊಟದ ಬಳಿಕ ಪಾತ್ರೆ ತೊಳೆಯುವ ಜಾಗದಲ್ಲಿಯೂ ಒಂದು ಚಿಕ್ಕ ನೋಟವಿತ್ತು. ನೀರು ತುಂಬಿದ ಬೋಗುಣಿಯ ಮೇಲೆ ತುಪ್ಪದ ಜಿಡ್ಡು ತೇಲುತ್ತಿದ್ದಿತು. ಸಾಬೂನು ಹತ್ತಿದ ಬೆರಳನ್ನು ನಡುವೆ ತಾಗಿಸಿದೊಡನೆ ಜಿಡ್ಡೆಲ್ಲ ಬೆದರಿದಂತೆ ಅಂಚಿಗೆ ಸರಿಯಿತು. ಇಂತಹ ಜಿಡ್ಡಿನ ನೀರನ್ನೇ ನೋಡುತ್ತ ವಿಜ್ಞಾನದಲ್ಲಿ ಹೆಸರು ಪಡೆದ ಹೆಣ್ಣುಮಗಳೊಬ್ಬಳಿದ್ದಾಳೆ. ಆಗ್ನೆಸ್ ಪಾಕೆಲ್ಸ್ 1862ರಲ್ಲಿ ಹುಟ್ಟಿದವಳು. ಭೌತವಿಜ್ಞಾನವನ್ನು ಓದಬೇಕೆಂಬ ಆಸೆಯಿದ್ದರೂ ಅಂದಿನ ಜರ್ಮನಿಯ ವಿಶ್ವವಿದ್ಯಾನಿಲಯಗಳು ಹೆಂಗಸರಿಗೆ ತೆರೆದಿರಲಿಲ್ಲ. ಅವಳು ಬ್ರೌನ್‌ಷ್ವೈಗ್ ನಗರದ ತನ್ನ ಮನೆಯಲ್ಲಿ ತಂದೆತಾಯಿಗಳ ಸೇವೆ ಮಾಡುತ್ತ, ತಗಡಿನ ತೊಟ್ಟಿಯೊಂದರಲ್ಲಿ ನೀರು ತುಂಬಿ, ಮೇಲ್ಮೈಯನ್ನು ತಗಡಿನ ಪಟ್ಟಿಯಿಂದ ಹಿಗ್ಗಿಸಿ ಕುಗ್ಗಿಸಿ, ಜಿಡ್ಡಿನಿಂದ ನೀರಿನ ಮೇಲ್ಮೈಯ ಬಿಗಿತವು ಹೇಗೆ ಬದಲಾಗುವುದೆಂದು ಅಳೆದಳು. 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆಗೆ ಪತ್ರ ಬರೆದಳು. ಅವನು ಅದನ್ನು ‘ನೇಚರ್’ ಪತ್ರಿಕೆಯಲ್ಲಿ ಅಚ್ಚುಮಾಡಿಸಿದನು. ಅವಳ ತೊಟ್ಟಿಯನ್ನೇ ತಿದ್ದಿ ಬೆಳೆಸಿದ ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್‌ನಿಗೆ ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ 1932ರಲ್ಲಿ ನೊಬೆಲ್ ಬಹುಮಾನ ಬಂದಿತು. ಪಾಕೆಲ್ಸಳಿಗೆ ಬರಲಿಲ್ಲ. ಇದರಲ್ಲಿ ನ್ಯಾಯವೆಷ್ಟು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಯೋಚಿಸಲಿ.

ಇಷ್ಟು ಹಬ್ಬದ ಸಂಭ್ರಮ. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ಪ್ರಶ್ನೆಯು ಶ್ರಾವಣದ ಮೊದಲಿನಿಂದಲೂ ಕಾಯುತ್ತಿದ್ದಿತು. ಮಲೆನಾಡಿನ ಕಡೆ ಮಳೆ ಜೋರಾಗಿ ಜಲಾಶಯವು ದಿನದಿನಕ್ಕೆ ಏರುತ್ತಿದ್ದ ಕಾಲ. ಆಯಿಯವರಿಂದ 2019ರ ನೆರೆಯ ಕಥೆಯನ್ನು ಕೇಳಿದ್ದ ಮಗಳು ರಾತ್ರಿ ಹಾಸಿಗೆಯಲ್ಲಿ ಎದ್ದು ಕೂರತೊಡಗಿದಳು.

“ಅವ್ವಾ, ಇಷ್ಟ ಸಣ್ಣ ಗ್ವಾಡಿ ಅಷ್ಟ ದೊಡ್ಡ ನೀರ ಹ್ಯಾಂಗ ತಡಿತೈತಿ? ಇನ್ನೂ ಮಳಿ ಬಂದ್ರ ಒಡದ ಹೋಗೂದಿಲ್ಲೇನು?”

ಹೆದರಬೇಡ, ಮಲಗು ಎಂದು ಹೇಳಬಹುದಾಗಿತ್ತು. ಆದರೆ ಪ್ರಶ್ನೆಯು ಅಂತಹ ಉತ್ತರದಿಂದ ತೀರುವಂತಹುದಲ್ಲ. ಅದು ಶುದ್ಧ ಭೌತವಿಜ್ಞಾನದ ಪ್ರಶ್ನೆ. ನವಿಲುತೀರ್ಥದ ಅಣೆಕಟ್ಟನ್ನು ಕಂಡವರೆಲ್ಲರಿಗೂ ಈ ಆಶ್ಚರ್ಯ ತೋರದಿರದು. 1970ರ ದಶಕದ ಆರಂಭದಲ್ಲಿ ಮುಗಿದ ಈ ಕಟ್ಟಿನ ಉದ್ದವು ಸುಮಾರು 155 ಮೀಟರು ಮಾತ್ರ; ಎತ್ತರ 40 ಮೀಟರಿಗಿಂತ ತುಸು ಹೆಚ್ಚು. ಕಣಿವೆಯು ಇಕ್ಕಟ್ಟಾಗಿರುವುದರಿಂದಲೇ ಇಲ್ಲಿ ಕಟ್ಟಿದರು. ಇದರ ಹಿಂದೆ ರೇಣುಕಾಸಾಗರವು ಕಣ್ಣು ಹಾಯುವಷ್ಟು ದೂರ ಹರಡಿದೆ. ಅದು ಹಿಡಿಯುವ ನೀರು 37.73 ಟಿಎಂಸಿ, ಎಂದರೆ 3,773 ಕೋಟಿ ಘನ ಅಡಿ. ತೂಕದಲ್ಲಿ ಹೇಳುವುದಾದರೆ ಸುಮಾರು 107 ಕೋಟಿ ಟನ್ನು! ಓಣಿಯಷ್ಟು ಅಗಲದ ಗೋಡೆಯೊಂದು ಇಷ್ಟು ಭಾರವನ್ನು ತಡೆದು ನಿಂತಿದೆಯೆಂದರೆ ಮಗುವಿಗೆ ನಿದ್ರೆ ಹೇಗೆ ಬಂದೀತು?

ಮರುದಿನ ಎಣ್ಣೆಯ ಹಳೆಯ ತಗಡಿನ ಡಬ್ಬಿಯೊಂದನ್ನೂ, ಮೇಲ್ಭಾಗವನ್ನು ಕತ್ತರಿಸಿದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯೊಂದನ್ನೂ ಹಿತ್ತಲಿನ ಕಟ್ಟೆಯ ಮೇಲೆ ಅಕ್ಕಪಕ್ಕದಲ್ಲಿ ಇಟ್ಟೆವು. ಎರಡಕ್ಕೂ ತಳದಿಂದ ಐದು ಸೆಂಟಿಮೀಟರು ಮೇಲೆ ಒಂದೇ ಮೊಳೆಯಿಂದ ತೂತು ಮಾಡಿ, ತೂತುಗಳನ್ನು ಮೇಣದಿಂದ ಮುಚ್ಚಿ, ಎರಡರಲ್ಲಿಯೂ ನೀರನ್ನು ಸರಿಯಾಗಿ 25 ಸೆಂಟಿಮೀಟರು ಎತ್ತರಕ್ಕೆ ತುಂಬಿದೆವು. ಡಬ್ಬಿಯಲ್ಲಿ ಬಾಟಲಿಯ ಆರರಷ್ಟು ನೀರಿದ್ದಿತು. ಮೇಣವನ್ನು ಕಿತ್ತಾಗ ಯಾವುದರ ಚಿಲುಮೆ ದೂರ ಹಾರುವುದೆಂದು ಮೊದಲೇ ಕೇಳಿದೆವು. ಡಬ್ಬಿಯದೆಂದು ಮಕ್ಕಳಿಬ್ಬರೂ ಹೇಳಿದರು. ಆಯಿಯವರೂ ಹೇಳಿದರು. ಕಾಲೇಜಿನ ತರಗತಿಯಲ್ಲಿ ಕೇಳಿದಾಗಲೂ ಹೆಚ್ಚಿನ ಕೈಗಳು ಡಬ್ಬಿಯ ಕಡೆಗೇ ಏಳುತ್ತವೆಂಬುದನ್ನು ಇಲ್ಲಿ ಹೇಳದಿರಲಾರೆವು. ಮೇಣ ಕಿತ್ತೆವು. ಎರಡು ಚಿಲುಮೆಗಳೂ ಒಂದೇ ಬಾಗಿನಿಂದ ಹೊರಟು ನೆಲದ ಒಂದೇ ಕಲ್ಲಿನ ಸಾಲನ್ನು ಒದ್ದೆಮಾಡಿದವು.

ನೀರಿನ ಒತ್ತಡಕ್ಕೆ ಆಳವೊಂದೇ ಲೆಕ್ಕ. ಹಿಂದೆ ಎಷ್ಟು ನೀರಿದೆ, ಅದು ಎಷ್ಟು ದೂರ ಹಬ್ಬಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮವನ್ನು ಫ್ಲಾಂಡರ್ಸ್ ನಾಡಿನ ಸೈಮನ್ ಸ್ಟೆವಿನ್ 1586ರಲ್ಲಿ ಪ್ರಕಟಿಸಿದನು. ಅವನು ಬಾಳಿದ ಡಚ್ಚರ ನಾಡಿನಲ್ಲಿ ಎಷ್ಟೋ ಹೊಲಗಳು ಸಮುದ್ರದ ಮಟ್ಟಕ್ಕಿಂತ ಕೆಳಗಿವೆ. ಮಣ್ಣಿನ ಏರಿಗಳೇ ಅವುಗಳನ್ನು ಕಾಯುತ್ತವೆ. ಸಮುದ್ರದ ವಿಸ್ತಾರವು ಏರಿಯ ಮೇಲೆ ಒತ್ತುವುದಾದರೆ, ಅಮೆರಿಕದವರೆಗೆ ಹರಡಿದ ಅಟ್ಲಾಂಟಿಕ್ ಸಾಗರದ ಎದುರು ಯಾವ ಏರಿ ನಿಂತೀತು? ಏರಿಗೆ ತಿಳಿಯುವುದು ತನ್ನ ಬುಡದ ನೀರಿನ ಎತ್ತರ ಮಾತ್ರ.

ಈಗ ನವಿಲುತೀರ್ಥದ ಲೆಕ್ಕವನ್ನು ಮಾಡೋಣ. ಗೋಡೆಯ ಬಳಿ ನೀರು 40 ಮೀಟರು ಆಳವಿದೆಯೆಂದು ಇಟ್ಟುಕೊಳ್ಳಿರಿ. ಮೇಲ್ಮಟ್ಟದಲ್ಲಿ ನೀರಿನ ಒತ್ತಡವು ಸೊನ್ನೆ, ತಳದಲ್ಲಿ ಒಂದು ಚದರ ಮೀಟರಿಗೆ 40 ಟನ್ನು. ಸರಾಸರಿ 20 ಟನ್ನು. ಒಂದು ಮೀಟರು ಅಗಲದ ಪಟ್ಟಿಯ ವಿಸ್ತೀರ್ಣವು 40 ಚದರ ಮೀಟರು. ಆದುದರಿಂದ ಅದರ ಮೇಲಿನ ಒಟ್ಟು ಒತ್ತು 800 ಟನ್ನು. ಕಣಿವೆಯ ಇಳಿಜಾರನ್ನು ಬದಿಗಿಟ್ಟು 155 ಮೀಟರೂ ಇಷ್ಟೇ ಆಳವೆಂದು ಹಿಡಿದರೂ ಗೋಡೆಯ ಮೇಲೆ ಬೀಳುವುದು 1,24,000 ಟನ್ನು. ಸರೋವರದ ನೀರಿನ ತೂಕದೊಡನೆ ಹೋಲಿಸಿದರೆ ಇದು ಎಂಟು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಉಳಿದ ಭಾರವೆಲ್ಲ ಎಲ್ಲಿ ಹೋಯಿತು? ಭೂಮಿಯ ಮೇಲೆ ಕುಳಿತಿದೆ. ಯಲ್ಲಮ್ಮನ ಗುಡ್ಡದ ಹತ್ತಿರದವರೆಗೆ ಹಬ್ಬಿದ ಆ ನೀರು ತನ್ನ ಕೆಳಗಿನ ಹಳೆಯ ಹೊಲಗಳನ್ನು ಒತ್ತುತ್ತಿದೆಯೇ ಹೊರತು ನಮ್ಮ ಗೋಡೆಯನ್ನಲ್ಲ. 800 ಟನ್ನೆಂಬುದೂ ಚಿಕ್ಕದಲ್ಲ, ನಿಜ. ಆದರೆ ಅದು ಎಂಜಿನಿಯರನು ಕಾಗದದ ಮೇಲೆ ಮೊದಲೇ ಬರೆದುಕೊಳ್ಳಬಹುದಾದ, ಅದಕ್ಕೆ ತಕ್ಕಷ್ಟು ಕಲ್ಲುಗಾರೆಯನ್ನು ತೂಗಿ ಇಡಬಹುದಾದ ಸಂಖ್ಯೆ.

ಮಳೆ ಇನ್ನೂ ಬಂದರೆ ಎಂಬ ಎರಡನೆಯ ಪ್ರಶ್ನೆಯನ್ನು ಮರೆಯುವಂತಿಲ್ಲ. ಒತ್ತು ಎತ್ತರದ ವರ್ಗದಂತೆ ಏರುತ್ತದೆ. ಆಳವು ಇಮ್ಮಡಿಯಾದರೆ ಒತ್ತು ನಾಲ್ಕು ಪಟ್ಟು. 39 ಮೀಟರಿನಿಂದ 40ಕ್ಕೆ ಏರಿದ ಆ ಕೊನೆಯ ಒಂದು ಮೀಟರಿನಲ್ಲಿಯೇ ಶೇಕಡಾ 5ರಷ್ಟು ಹೆಚ್ಚುತ್ತದೆ. ಆದ್ದರಿಂದಲೇ ಎತ್ತರಕ್ಕೆ ಒಂದು ಗೆರೆಯನ್ನು ಎಳೆದಿದ್ದಾರೆ. ರೇಣುಕಾಸಾಗರಕ್ಕೆ ಆ ಗೆರೆಯು ಸಮುದ್ರಮಟ್ಟದಿಂದ 2,079.5 ಅಡಿ. ನೀರು ಅಲ್ಲಿಗೆ ಮುಟ್ಟಿದ ಮೇಲೆ ಬಂದುದನ್ನು ಬಂದಂತೆ ಬಾಗಿಲುಗಳ ಮೂಲಕ ಕೆಳಕ್ಕೆ ಬಿಡಬೇಕು. ಮಳೆ ಎಷ್ಟೇ ಬರಲಿ, ಗೋಡೆಗೆ ತಾನು ಹೊರಬೇಕಾದ ಎತ್ತರಕ್ಕಿಂತ ಹೆಚ್ಚು ಬರದಂತೆ ನೋಡಿಕೊಳ್ಳುವ ಉಪಾಯವಿದು.

ಇಷ್ಟಕ್ಕೆ ಮಗಳ ಮುಖವು ಅರಳಿತು. ನಮ್ಮ ಪ್ರಯೋಗವೂ ಮುಗಿಯಿತೆಂದು ನಾವು ಎದ್ದೆವು. ಆದರೆ ಚಿಲುಮೆಗಳನ್ನು ಯಾರೂ ಮುಚ್ಚಿರಲಿಲ್ಲ. ಬಾಟಲಿಯ ಚಿಲುಮೆ ಬೇಗನೆ ಬಾಗಿ, ಗೋಡೆಗೆ ಹತ್ತಿ, ತೊಟ್ಟಿಕ್ಕಿ ನಿಂತಿತು. ಡಬ್ಬಿಯದು ಹರಿಯುತ್ತಲೇ ಇದ್ದಿತು. ಕಲ್ಲಿನ ಸಾಲನ್ನು ದಾಟಿ ತುಳಸಿಕಟ್ಟೆಯ ಬುಡದವರೆಗೆ ಕೆಸರಾಯಿತು. ಮಗನು ಅಲ್ಲಿ ಕಟ್ಟಿದ್ದ ಮಣ್ಣಿನ ಎತ್ತುಗಳು ಕರಗಿಹೋದವು.

ಆಯಿಯವರು ಅದನ್ನೇ ನೋಡುತ್ತ ಕುಳಿತಿದ್ದವರು, “ಗ್ವಾಡಿಗೆ ಎತ್ತರ ಒಂದ ಗೊತ್ತವ್ವ. ನಮ್ಮೂರಿಗೆ ಗೊತ್ತಾಗಿದ್ದು ನೀರಿನ ರಾಶಿ” ಎಂದರು.

ಈ ಮಾತಿನಲ್ಲಿ ಪಠ್ಯಪುಸ್ತಕದ ಎರಡು ಬೇರೆಬೇರೆ ಅಧ್ಯಾಯಗಳಿವೆ. ಒತ್ತಡವು ಒಂದು, ಪ್ರಮಾಣವು ಇನ್ನೊಂದು. ಗೋಡೆಯ ಕ್ಷೇಮವು ಮೊದಲನೆಯದಕ್ಕೆ ಸೇರಿದುದು. ಕೆಳಗಿನ ದಂಡೆಯವರ ಕ್ಷೇಮವು ಎರಡನೆಯದಕ್ಕೆ. ಗೋಡೆ ಗಟ್ಟಿಯಾಗಿ ನಿಂತಾಗಲೂ ದಂಡೆಯ ಮನೆ ಬೀಳಬಹುದು. 2019ರಲ್ಲಿ ಆದುದು ಹಾಗೆಯೇ.

ಈ ಎರಡನೆಯ ಅಧ್ಯಾಯದ ಲೆಕ್ಕವೂ ಕಠಿಣವಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ನಮ್ಮ ಲೀಟರಿನಲ್ಲಿ 28ಕ್ಕೆ ಸ್ವಲ್ಪ ಹೆಚ್ಚು. ದಿನಕ್ಕೆ 86,400 ಸೆಕೆಂಡುಗಳು. ಹೊಳೆಯಲ್ಲಿ ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಪೂರಾ ಬರಿದಾದ ರೇಣುಕಾಸಾಗರವೂ ಅಂತಹ ಹೊಳೆಗೆ ನಾಲ್ಕೂವರೆ ದಿನದೊಳಗೆ ತುಂಬುತ್ತದೆ. ಮೊದಲೇ ತುಂಬುತ್ತ ಬಂದು 10 ಟಿಎಂಸಿಗೆ ಮಾತ್ರ ಜಾಗವಿದ್ದರೆ 28 ಗಂಟೆಗಳು ಕೂಡ ಸಿಗಲಾರವು. ಆಮೇಲೆ ಮೇಲಿನಿಂದ ಬಂದಷ್ಟೂ ಕೆಳಕ್ಕೆ ಹೋಗಲೇಬೇಕು. ಜಾಗವನ್ನು ಖಾಲಿಯಾಗಿಟ್ಟುಕೊಂಡಿದ್ದರೆ ಆಗದೆ ಎಂದು ಕೇಳಬಹುದು. ಈ ಜಲಾಶಯವು ತುಂಬದೆ ಉಳಿದ ವರ್ಷಗಳೂ ಇವೆ. ನರಗುಂದ, ನವಲಗುಂದಗಳ ಹೊಲಗಳೂ, ಹುಬ್ಬಳ್ಳಿ-ಧಾರವಾಡದ ನಲ್ಲಿಗಳೂ ಇದೇ ನೀರನ್ನು ಕಾಯುತ್ತವೆ. ಜುಲೈಯಲ್ಲಿ ನೀರು ಬಿಟ್ಟು, ಆಗಸ್ಟಿನಲ್ಲಿ ಮಳೆ ಕೈಕೊಟ್ಟರೆ, ಆ ವರ್ಷದ ಹಿಂಗಾರಿಗೆ ಯಾರು ಹೊಣೆ? ಮಳೆಯನ್ನು ಮುಂದಾಗಿ ಸರಿಯಾಗಿ ತಿಳಿಯುವ ವಿದ್ಯೆಯು ಬೆಳೆದಷ್ಟೂ ಈ ತೂಗಾಟವು ಕಡಿಮೆಯಾದೀತು. ಉಪಗ್ರಹಗಳೂ ಗಣಕಯಂತ್ರಗಳೂ ಕೆಲವು ದಿನಗಳ ಮುನ್ಸೂಚನೆಯನ್ನು ಮೊದಲಿಗಿಂತ ಎಷ್ಟೋ ಚೆನ್ನಾಗಿ ಕೊಡುತ್ತಿವೆ. ಆದರೆ ಒಂದು ಹೊಳೆಯ ಕಣಿವೆಯಲ್ಲಿ ನಾಳೆ ಬೀಳುವ ಮಳೆ ಇಷ್ಟೇ ಎಂದು ಅಳೆದು ಹೇಳುವುದು ಇಂದಿಗೂ ಕಷ್ಟದ ಕೆಲಸ. ನಮ್ಮ ಓದುಗರಲ್ಲಿ ಯಾರಿಗಾದರೂ ಮುಂದೆ ಪವನಶಾಸ್ತ್ರವನ್ನು ಓದುವ ಮನಸ್ಸಿದ್ದರೆ, ಅಲ್ಲಿ ಕೆಲಸ ಬಹಳ ಉಳಿದಿದೆ.

ಅಂದಿನಿಂದ ನಮ್ಮ ಅಡುಗೆಮನೆಯ ಕ್ಯಾಲೆಂಡರಿಗೆ ಹೊಸದೊಂದು ಕೆಲಸ ಬಂದಿದೆ. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಅಚ್ಚುಮಾಡುತ್ತವೆ. ಮಗಳು ದಿನವೂ ಆ ಅಂಕಿಯನ್ನು 2,079.5ರಿಂದ ಕಳೆದು, ಉಳಿದ ಅಡಿಗಳನ್ನು ತಿಥಿಯ ಕೆಳಗೆ ಬರೆಯುತ್ತಾಳೆ. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಜಲಾಶಯವು ಡಬ್ಬಿಯಂತೆ ನೆಟ್ಟಗಿಲ್ಲ, ಬೋಗುಣಿಯಂತೆ ಮೇಲೆ ಹೋದಂತೆ ಅಗಲವಾಗುತ್ತದೆ. ತಳದ ಒಂದು ಅಡಿಯಲ್ಲಿ ಹಿಡಿಯುವುದಕ್ಕಿಂತ ಬಾಯಿಯ ಒಂದು ಅಡಿಯಲ್ಲಿ ಬಹಳ ಹೆಚ್ಚು ನೀರು ಹಿಡಿಯುತ್ತದೆ. ಹಾಗಾಗಿ ಹೊಳೆಯು ಒಂದೇ ಸಮನೆ ಹರಿಯುತ್ತಿದ್ದರೆ ಮಟ್ಟವು ಮೇಲೆ ಬಂದಂತೆಲ್ಲ ನಿಧಾನವಾಗಿ ಏರಬೇಕು. ಮಟ್ಟವು ಮೇಲೆ ಬಂದ ಮೇಲೂ ದಿನದಿನದ ಏರಿಕೆ ಕಡಿಮೆಯಾಗದಿದ್ದರೆ, ಹೊಳೆಯೇ ಹೆಚ್ಚುತ್ತಿದೆಯೆಂದು ತಿಳಿಯಬೇಕು. ಇದನ್ನು ಮಗಳಿಗೆ ಹೇಳಿಕೊಟ್ಟವರು ನಾವಲ್ಲ. ಪಾಯಸ ಬಗ್ಗಿಸುವಾಗ ಬೋಗುಣಿಯನ್ನು ತೋರಿಸಿ ಆಯಿಯವರೇ ಹೇಳಿದರು.

ಪಂಚಮಿ ಕಳೆದು ಕೆಲವು ದಿನಗಳ ಮೇಲೆ, ಒಂದು ಬೆಳಿಗ್ಗೆ, ಕ್ಯಾಲೆಂಡರಿನಲ್ಲಿ ಉಳಿದುದು ನಾಲ್ಕು ಅಡಿ ಎಂದು ಮಗಳು ಬರೆದಳು. ಹಿಂದಿನ ದಿನದ ಏರಿಕೆಯೂ ಅದರ ಹಿಂದಿನ ದಿನದ ಏರಿಕೆಯೂ ಒಂದೇ ಆಗಿದ್ದವು. ಆಯಿಯವರು ಎರಡು ಅಂಕಿಗಳನ್ನೂ ಬೆರಳಿಟ್ಟು ನೋಡಿ, ಕನ್ನಡಕವನ್ನು ತೆಗೆದಿಟ್ಟು, ಊರಿನ ನೆರೆಮನೆಯವರಿಗೆ ಫೋನು ಮಾಡಿಸಿದರು: ಜೋಳದ ಚೀಲಗಳನ್ನು ಇವತ್ತೇ ಅಟ್ಟಕ್ಕೆ ಏರಿಸಿರಿ, ಎಮ್ಮೆಗಳನ್ನು ಗುಡಿಯ ದಿಬ್ಬಕ್ಕೆ ಹೊಡೆಯಿರಿ.